ಪ್ರಶ್ನೆಯಲ್ಲಿ ಆನೆ ಇರಲಿಲ್ಲ

ತಮಗೆ ಪಾಠ ಮಾಡುವ ಅರ್ಹತೆ ಇಲ್ಲವೆಂಬ ಸಂಗತಿ ಶಾಂತಮಲ್ಲಮ್ಮ ಟೀಚರಿಗೆ ತಿಳಿದದ್ದು ಪಾಠ ಮಾಡಲು ಶುರುಮಾಡಿ ಇಪ್ಪತ್ತನಾಲ್ಕು ವರ್ಷವಾದ ಮೇಲೆ. ಅವತ್ತು ಮಂಗಳವಾರ. ಮೂರನೇ ಕ್ಲಾಸಿನ ಮಕ್ಕಳಿಗೆ ದಶಕ ತೆಗೆದುಕೊಂಡು ಕಳೆಯುವುದು ಹೇಗೆ ಅಂತ ಬೋರ್ಡಿನ ಮೇಲೆ ತೋರಿಸುತ್ತಿದ್ದರು. ಆಗ ಪಕ್ಕದ ಕೋಣೆಯ ಮುರುಗನ್ ಸಾರ್ ಮೊಬೈಲು ಹಿಡಿದು ಬಾಗಿಲಲ್ಲಿ ನಿಂತರು.

"ಟೀಚರ್, ನಿಮ್ದು ನ್ಯೂಸ್ ಬಂದಿದೆ" ಅಂದರು.

ಡೆಲ್ಲಿಯ ದೊಡ್ಡ ಕೋರ್ಟು ತೀರ್ಪು ಕೊಟ್ಟಿತ್ತು. ಒಂದರಿಂದ ಎಂಟನೇ ತರಗತಿವರೆಗೆ ಪಾಠ ಮಾಡುವವರೆಲ್ಲ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸು ಮಾಡಿರಬೇಕು. ಈಗಾಗಲೇ ಕೆಲಸದಲ್ಲಿರುವವರಿಗೆ ಎರಡು ವರ್ಷ ಗಡುವು. ನಿವೃತ್ತಿಗೆ ಐದು ವರ್ಷಕ್ಕಿಂತ ಕಡಿಮೆ ಇದ್ದವರು ಬರೆಯಬೇಕಾಗಿಲ್ಲ. ಉಳಿದವರು ಬರೆಯಬೇಕು, ಪಾಸಾಗಬೇಕು, ಇಲ್ಲವೇ ಮನೆಗೆ ಹೋಗಬೇಕು.

ಟೀಚರು ಸೀಮೆಸುಣ್ಣ ಕೆಳಗಿಟ್ಟು, "ನೀವು ಬರ್ದಿದ್ದೀರಲ್ಲ ಸಾರ್?" ಅಂತ ಕೇಳಿದರು.

"ನಾನು ಪಾಸು. ನೂರೈವತ್ತಕ್ಕೆ ನೂರಾ ಹನ್ನೆರಡು" ಅಂದರು ಮುರುಗನ್ ಸಾರ್, ಸ್ವಲ್ಪ ನಾಚಿಕೊಂಡು.

ತಮಿಳುನಾಡಿನ ಗಡಿಯೊಳಗೆ, ದೊಡ್ಡಗಾಜನೂರಿನಿಂದ ಎರಡು ಮೈಲಿ ಆಚೆಗಿರುವ ಬೇವಿನಪುರದ ಕನ್ನಡ ಪ್ರಾಥಮಿಕ ಶಾಲೆಗೆ ಇದ್ದದ್ದು ಇವರಿಬ್ಬರೇ ಮೇಷ್ಟರು. ಮಕ್ಕಳು ಮೂವತ್ತನಾಲ್ಕು, ಕ್ಲಾಸು ಐದು. ಮುರುಗನ್ ಸಾರ್ ಗೋಬಿಚೆಟ್ಟಿಪಾಳ್ಯದ ಕಡೆಯವರು, ತಮಿಳು ಪಾಠಕ್ಕೆಂದು ನಾಲ್ಕು ವರ್ಷದ ಹಿಂದೆ ಬಂದವರು. ಬಂದಾಗ ಅವರಿಗೆ ಕನ್ನಡ ಒಂದಕ್ಷರ ಬರುತ್ತಿರಲಿಲ್ಲ, ಚಿಕ್ಕ ಮಕ್ಕಳಿಗೆ ತಮಿಳು ಬರುತ್ತಿರಲಿಲ್ಲ. ಮೊದಲ ಆರು ತಿಂಗಳು ಸಾರ್ ಒಂದು ಮಾತಾಡುವುದು, ಟೀಚರು ಈ ಕೋಣೆಯಿಂದಲೇ ಅದನ್ನು ಕನ್ನಡದಲ್ಲಿ ಕೂಗುವುದು, ಹೀಗೆ ಪಾಠ ನಡೆದಿತ್ತು. ಅರ್ಹತಾ ಪರೀಕ್ಷೆಯಲ್ಲಿ ಮಕ್ಕಳ ಮನಸ್ಸನ್ನು ಅರಿಯುವ ಭಾಗಕ್ಕೆ ಸಾರ್ ಅವರಿಗೆ ಮೂವತ್ತಕ್ಕೆ ಇಪ್ಪತ್ತಾರು ಬಂದಿತ್ತು. ಒಳ್ಳೆಯ ಮನುಷ್ಯ. ಈಗ ಕನ್ನಡದಲ್ಲಿ ಮಾತಾಡುತ್ತಾರೆ. ಬಯ್ಯುವಾಗ ಮಾತ್ರ ತಮಿಳು.

ಸಂಜೆ ಟೀಚರು ಮನೆಗೆ ಹೋಗಿ ತಮ್ಮ ಜಡೇಸ್ವಾಮಿಗೆ ವಿಷಯ ಹೇಳಿದರು. ಗಂಡ ತೀರಿಕೊಂಡ ಮೇಲೆ ಟೀಚರು ಇದ್ದದ್ದು ತಮ್ಮನ ಮನೆಯಲ್ಲೇ. ಜಡೇಸ್ವಾಮಿ ಬೆಳ್ಳುಳ್ಳಿ, ಅರಿಶಿನ, ಬಾಳೆ ಬೆಳೆಯುವವನು, ಊರಿನ ಪಂಚಾಯ್ತಿಗಳಲ್ಲಿ ಕೂರುವವನು. ಎಲ್ಲವನ್ನೂ ಕೇಳಿಸಿಕೊಂಡು ಬೆರಳು ಮಡಿಸಿ ಎಣಿಸಿದ.

"ಅಕ್ಕ, ರೆಕಾರ್ಡ್ ಪ್ರಕಾರ ನಿಂಗೆ ಇನ್ನೂ ಆರು ವರ್ಸ ಚಿಲ್ರೆ ಸರ್ವೀಸದೆ. ಆದ್ರೆ ರೆಕಾರ್ಡ್ ಪ್ರಕಾರ ನೀನು ನನಗಿಂತ ಎಂಟು ತಿಂಗ್ಳು ಚಿಕ್ಕೋಳು."

"ಅದೆಂಗ್ಲಾ?"

"ಎಂಗೋ ಏನೋ. ನಾನು ಮಗು ಆಗಿದ್ದಾಗ ನೀನು ಸೊಂಟದ ಮ್ಯಾಲೆ ಎತ್ಕಂಡು ತಿರುಗ್ತಿದ್ದೆ ಅಂತ ಅವ್ವ ಏಳ್ತಿತ್ತು. ಎಂಟು ತಿಂಗ್ಳು ಚಿಕ್ಕ ಮಗ ಎಂಗೆ ಎತ್ಕತದೆ?"

ಆದದ್ದು ಇಷ್ಟೇ. ಎಮ್ಮೆ ನೋಡಿಕೊಳ್ಳಲು ಜನ ಬೇಕೆಂದು ಅಪ್ಪ ಅವರನ್ನು ಮೂರು ವರ್ಷ ತಡವಾಗಿ ಶಾಲೆಗೆ ಸೇರಿಸಿದ್ದ. ಆಗಿನ ಮೇಷ್ಟರು ಹುಡುಗಿಯ ಹಲ್ಲು ನೋಡಿ, ಐದು ಅಂತ ಲೆಕ್ಕ ಹಾಕಿ, ಜೂನ್ ಒಂದನೇ ತಾರೀಕು ಬರೆದಿದ್ದರು. ಆ ಮೇಷ್ಟರ ಕೈಯಲ್ಲಿ ಊರಿನ ಎಲ್ಲ ಮಕ್ಕಳೂ ಜೂನ್ ಒಂದಕ್ಕೇ ಹುಟ್ಟಿದ್ದರು. ನಿಜವಾದ ವಯಸ್ಸು ರುಜುವಾತಾದರೆ ನಿವೃತ್ತಿಗೆ ಮೂರೂವರೆ ವರ್ಷ ಮಾತ್ರ ಉಳಿಯುತ್ತದೆ, ಪರೀಕ್ಷೆಯ ಗೊಡವೆ ಇಲ್ಲ.

ಶನಿವಾರ ಅಕ್ಕ ತಮ್ಮ ಇಬ್ಬರೂ ಒಂದು ಮನು, ಅಂದರೆ ಅರ್ಜಿ, ಬರೆದುಕೊಂಡು ತಾಳವಾಡಿಯ ಆಫೀಸಿಗೆ ಹೋದರು. ಅಲ್ಲಿನ ಗುಮಾಸ್ತ ಮನುವನ್ನು ಎರಡು ಸಲ ಓದಿದ. ಸರ್ವೀಸ್ ರಿಜಿಸ್ಟರ್ ತೆಗೆದು ನೋಡಿದ.

"ಹುಟ್ಟಿದ ದಿನ ತಪ್ಪು ಅಂತ ಕೆಲಸಕ್ಕೆ ಸೇರಿದ ಐದು ವರ್ಷದೊಳಗೆ ಹೇಳಬೇಕಿತ್ತಮ್ಮ."

"ಆಗ ಅದು ಬೇಕಾಗಿರ್ಲಿಲ್ಲ" ಅಂದರು ಟೀಚರು.

"ಈಗ ಬೇಕು ಅಂದರೆ ಮುಡಿಯಾದು. ಆಗೋದಿಲ್ಲ." ಗುಮಾಸ್ತ ರಿಜಿಸ್ಟರ್ ಮುಚ್ಚಿದ. "ಸಾಮಾನ್ಯವಾಗಿ ಎಲ್ಲರೂ ವಯಸ್ಸು ಕಡಿಮೆ ಮಾಡಿಕೊಡಿ ಅಂತ ಬರ್ತಾರೆ. ಜಾಸ್ತಿ ಮಾಡಿಕೊಡಿ ಅಂತ ಬಂದಿರೋದು ನೀವೇ ಮೊದಲು."

ಹೊರಗೆ ಬಂದು ಅಕ್ಕ ತಮ್ಮ ಚಹಾ ಕುಡಿದರು. "ಓಗ್ಲಿ ಬುಡು, ಓದು" ಅಂದ ಜಡೇಸ್ವಾಮಿ.

ಓದುವುದು ಹೇಗೆ ಎಂಬುದು ಟೀಚರಿಗೆ ಮರೆತುಹೋಗಿತ್ತು. ಓದಿಸುವುದು ಮಾತ್ರ ಗೊತ್ತಿತ್ತು. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಗೈಡು ಸಿಕ್ಕಿತು. ಅದರ ಮೊದಲ ಅಧ್ಯಾಯದಲ್ಲೇ ಸ್ವಿಟ್ಜರ್ಲೆಂಡಿನ ಒಬ್ಬ ಪಂಡಿತ ಬಾಲ್ಯವನ್ನು ನಾಲ್ಕು ಹಂತ ಮಾಡಿಟ್ಟಿದ್ದ. ನಾಲ್ಕು ದಿನ ಓದಿದರೂ ಒಂದು ಹಂತ ಬಂದರೆ ಇನ್ನೊಂದು ಹೋಗುತ್ತಿತ್ತು. ಐದನೇ ದಿನ ಟೀಚರು ತಮ್ಮನ ಬೆಳ್ಳುಳ್ಳಿ ಹೊಲಕ್ಕೆ ನಡೆದರು.

ಅಲ್ಲಿ ಕಳೆ ಕೀಳುತ್ತಿದ್ದ ಆರು ಜನ ಹೆಂಗಸರಲ್ಲಿ ಸೆಲ್ವಿ ಒಬ್ಬಳು. ಮಲ್ಲಯ್ಯನ ಮಗಳು. ಮಲ್ಲಯ್ಯ ತನ್ನ ಅಪ್ಪನ ಕಾಲದಿಂದಲೂ ಜಡೇಸ್ವಾಮಿಯ ಮನೆಯ ಹೊಲದಲ್ಲಿ ಕೂಲಿ ಮಾಡುತ್ತಿದ್ದವನು. ಸೆಲ್ವಿಗೆ ಅ ಆ ಇ ಈ ತಿದ್ದಿಸಿದ್ದು ಶಾಂತಮಲ್ಲಮ್ಮ ಟೀಚರೇ. ಆಮೇಲೆ ಅವಳು ಓದುತ್ತಲೇ ಹೋಗಿ, ಎರಡು ವರ್ಷ ಟೀಚರ್ ಟ್ರೈನಿಂಗ್ ಮಾಡಿ, ಮೂರು ವರ್ಷದ ಹಿಂದೆ ಅರ್ಹತಾ ಪರೀಕ್ಷೆಯನ್ನೂ ಮೊದಲ ಸಲಕ್ಕೇ ಪಾಸು ಮಾಡಿದ್ದಳು. ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಹಾಕಿಸಿ ಗೋಡೆಗೆ ಹೊಡೆದಿದ್ದರು. ಅರ್ಹತೆ ಬಂದರೂ ಕೆಲಸ ಬರುವುದು ನೇಮಕಾತಿ ಕರೆದ ಮೇಲೆ. ಕನ್ನಡ ಜಾಗಗಳಿಗೆ ನೇಮಕಾತಿ ಕರೆದಿರಲಿಲ್ಲ. ಹೀಗಾಗಿ ಅರ್ಹತೆ ಇದ್ದವಳು ಬೆಳ್ಳುಳ್ಳಿ ಹೊಲದಲ್ಲೂ ಅರ್ಹತೆ ಇಲ್ಲದವರು ಶಾಲೆಯಲ್ಲೂ ಇದ್ದರು.

"ಸೆಲ್ವಿ, ನಂಗೆ ಸ್ವಲ್ಪ ಪಾಠ ಏಳ್ಕೊಡ್ತೀಯೇನವ್ವ?"

ಸೆಲ್ವಿ ಕೈಯ ಮಣ್ಣು ಒರೆಸಿಕೊಂಡು ಎದ್ದು ನಿಂತಳು. ಜೊತೆಯ ಹೆಂಗಸರು ಕೀಳುವುದನ್ನು ನಿಲ್ಲಿಸಿ ನೋಡಿದರು. "ಯಾವ ಸಬ್ಜೆಕ್ಟ್ ಟೀಚರ್?"

"ಮಕ್ಕಳು."

ಮಾರನೇ ದಿನದಿಂದ ಸಂಜೆ ನಾಲ್ಕೂಕಾಲಕ್ಕೆ, ಮಕ್ಕಳು ಹೋದ ಮೇಲೆ, ಅದೇ ಶಾಲೆಯಲ್ಲಿ ಪಾಠ ಶುರುವಾಯಿತು. ಮೊದಲ ವಾರ ಟೀಚರು ಕುರ್ಚಿಯಲ್ಲಿ ಕೂತರು, ಸೆಲ್ವಿ ನಿಂತೇ ಹೇಳಿಕೊಟ್ಟಳು. ಕೂತುಕೋ ಅಂದರೆ ಬೇಡ ಅನ್ನುವಳು. ಬೋರ್ಡು ಟೀಚರ ಬೆನ್ನಿಗಿತ್ತು, ಅವರ ಕತ್ತು ನೋಯತೊಡಗಿತು. ಎರಡನೇ ವಾರ ಅವರು ಎದ್ದು ಎರಡನೇ ಕ್ಲಾಸಿನ ಬೆಂಚಿನ ಮೇಲೆ ಮಂಡಿ ಎದೆಗೆ ಬರುವಂತೆ ಕೂತುಬಿಟ್ಟರು. ಖಾಲಿ ಕುರ್ಚಿಯ ಸುತ್ತ ಇನ್ನೆರಡು ದಿನ ಓಡಾಡಿ, ಮೂರನೆಯ ದಿನ ಕಾಲು ನೋವು ತಾಳಲಾರದೆ ಸೆಲ್ವಿ ಅದರಲ್ಲಿ ಕೂತಳು. ಅದನ್ನು ಕಿಟಕಿಯಿಂದ ಯಾರೋ ನೋಡಿದರು, ಊರಿಗೆ ಗೊತ್ತಾಯಿತು.

ಲೆಕ್ಕ, ಕನ್ನಡ, ಪರಿಸರ ಇವೆಲ್ಲ ಟೀಚರಿಗೆ ನೀರು ಕುಡಿದಂತೆ. ತೊಂದರೆ ಇದ್ದದ್ದು ಮಕ್ಕಳ ಭಾಗದಲ್ಲೇ.

ಸೆಲ್ವಿ ಓದಿದಳು: "ಒಂದು ಮಗು ದಿನಾಲೂ ತರಗತಿಯಲ್ಲಿ ನಿದ್ರಿಸುತ್ತದೆ. ಶಿಕ್ಷಕರಾಗಿ ನೀವು ಏನು ಮಾಡುವಿರಿ? ಎ, ಮಗುವಿನ ಆಸನ ಬದಲಿಸುವಿರಿ. ಬಿ, ಪಾಠವನ್ನು ಚಟುವಟಿಕೆಗಳಿಂದ ಆಕರ್ಷಕಗೊಳಿಸುವಿರಿ. ಸಿ, ನಿದ್ರೆಯ ಮಹತ್ವದ ಬಗ್ಗೆ ಪೋಷಕರಿಗೆ ತಿಳಿಸುವಿರಿ. ಡಿ, ಮುಖ್ಯೋಪಾಧ್ಯಾಯರಿಗೆ ವರದಿ ಮಾಡುವಿರಿ."

"ಯಾವ ಮಗು? ಬಸವಣ್ಣನ ಮಗಳಾ?"

"ಒಂದು ಮಗು ಟೀಚರ್. ಹೆಸರಿಲ್ಲ."

"ಬಸವಣ್ಣನ ಮಗಳೇ ಇರ್ಬೇಕು. ರಾತ್ರಿಯೆಲ್ಲ ಅಪ್ಪನ ಜೊತೆ ಒಲದಲ್ಲಿ ಆನೆ ಕಾಯ್ತದೆ ಅದು. ಅವ್ವ ಇಲ್ಲ, ಮನೇಲಿ ಒಂದನ್ನೇ ಬುಟ್ಟು ಓಗಕ್ಕಾಗಲ್ಲ. ಅತ್ತೂವರೆ ಗಂಟೆ ತಂಕ ಮಲಗಿಸ್ತೀನಿ. ಆಮೇಲೆ ಎದ್ದು ಚೆನ್ನಾಗಿ ಲೆಕ್ಕ ಮಾಡ್ತದೆ."

"ಮಲಗಿಸೋದು ಆಪ್ಷನ್‌ನಲ್ಲಿ ಇಲ್ಲ."

"ನಿದ್ರೆ ಮಹತ್ವ ಬಸವಣ್ಣಂಗೆ ಏಳಿದ್ರೆ ಅವನು ಏನಂತಾನೆ? ಆನೆಗೆ ಏಳಿ ಅಂತಾನೆ."

"ಪ್ರಶ್ನೇಲಿ ಆನೆ ಇಲ್ಲ ಟೀಚರ್" ಅಂದಳು ಸೆಲ್ವಿ. "ಉತ್ತರ ಬಿ."

ಟೀಚರು ಬಿ ಅಂತ ಬರೆದುಕೊಂಡರು. ಒಪ್ಪಿಕೊಳ್ಳಲಿಲ್ಲ.

ಪರೀಕ್ಷೆ ಈರೋಡಿನಲ್ಲಿ. ಇಬ್ಬರೂ ಹಿಂದಿನ ದಿನವೇ ಬಸ್ಸು ಹತ್ತಿದರು. ದಿಂಬಂ ಘಾಟಿನ ಇಪ್ಪತ್ತೇಳು ತಿರುವಿನಲ್ಲಿ ಟೀಚರು ನಾಲ್ಕು ಹಂತಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಇಳಿದರು. ಹನ್ನೊಂದನೇ ತಿರುವಿಗೆ ಎರಡನೇ ಹಂತವೂ ಬೆಳಗಿನ ಉಪ್ಪಿಟ್ಟೂ ಒಟ್ಟಿಗೆ ಹೊರಟವು. ಸೆಲ್ವಿ ಅವರ ಬೆನ್ನು ನೀವಿ, ನೀರು ಕೊಟ್ಟಳು.

ಪರೀಕ್ಷಾ ಕೋಣೆಯಲ್ಲಿ ತಲೆ ನರೆತವರು ಒಂಬತ್ತು ಜನ ಇದ್ದರು. ಮೇಲ್ವಿಚಾರಣೆಗೆ ಬಂದ ಹುಡುಗಿ ಅವರಲ್ಲೊಬ್ಬರನ್ನು ನೋಡಿದ ಕೂಡಲೇ "ವಣಕ್ಕಂ ಮಿಸ್" ಅಂತ ಎದ್ದು ನಿಂತಳು. ಆಮೇಲೆ ಅವರ ಚೀಲ ತಪಾಸಣೆ ಮಾಡಿದಳು.

ಶಾಂತಮಲ್ಲಮ್ಮ ಟೀಚರು ನಾಲ್ಕು ಮಾರ್ಕಿನಲ್ಲಿ ಫೇಲಾದರು. ಗಣಿತದಲ್ಲಿ ಮೂವತ್ತಕ್ಕೆ ಇಪ್ಪತ್ತೊಂಬತ್ತು, ಮಕ್ಕಳ ಭಾಗದಲ್ಲಿ ಮೂವತ್ತಕ್ಕೆ ಹತ್ತು. ಪರೀಕ್ಷೆಯ ಕೋಣೆಯಲ್ಲಿ ಪ್ರತಿ ಪ್ರಶ್ನೆಗೂ ಒಂದೊಂದು ಮಗು ಬಂದು ಅವರ ಎದುರಿಗೆ ನಿಂತುಬಿಟ್ಟಿತ್ತು. ಪೆನ್ನು ಕದಿಯುವ ಮಗುವಿನ ಪ್ರಶ್ನೆಗೆ ಎರಡು ವರ್ಷದ ಹಿಂದಿನ ಸಂಗೀತ ಬಂದಿದ್ದಳು, ಮಾತಾಡದ ಮಗುವಿನ ಪ್ರಶ್ನೆಗೆ ಸೆಲ್ವಿಯೇ ಬಂದಿದ್ದಳು, ಒಂದನೇ ಕ್ಲಾಸಿನ ಸೆಲ್ವಿ. ಟೀಚರು ಅವರಿಗೆ ಏನು ಮಾಡಿದ್ದರೋ ಅದಕ್ಕೆ ಹತ್ತಿರವಿದ್ದ ಉತ್ತರಕ್ಕೇ ಗುರುತು ಹಾಕಿದ್ದರು.

ಫಲಿತಾಂಶ ಬಂದ ದಿನ ಶಾಲೆ ಎಂದಿನಂತೆ ನಡೆಯಿತು. ಮುರುಗನ್ ಸಾರ್ ತಮ್ಮ ಹಳೆಯ ನೋಟ್ಸು ತಂದು ಮೇಜಿನ ಮೇಲಿಟ್ಟರು. ತಮಿಳಿನಲ್ಲಿತ್ತು.

ರಾತ್ರಿ ಊಟದ ಹೊತ್ತಿಗೆ ಜಡೇಸ್ವಾಮಿ ಕೈ ತೊಳೆಯುತ್ತಾ ಅಂದ, "ಅಕ್ಕ, ಒಂದ್ ಮಾತು. ನೀನು ಫೇಲಾಗಿ ಮನೆಗೆ ಬಂದ್ರೆ ಸ್ಕೂಲಲ್ಲಿ ಕನ್ನಡದ ಜಾಗ ಖಾಲಿ ಆಯ್ತದೆ. ಆ ಜಾಗಕ್ಕೆ ಇಲ್ಲಿ ಪಾಸಾಗಿರೋಳು ಯಾರು?"

ಟೀಚರು ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಲಿಲ್ಲ.

"ಆ ಉಡುಗಿ ಬೇಕಂತಲೇ ತಪ್ಪು ಏಳ್ಕೊಡ್ತಿಲ್ಲ ಅಂತ ಎಂಗ್ ಏಳ್ತೀಯ? ಲೆಕ್ಕದಲ್ಲಿ ಇಪ್ಪತ್ತೊಂಬತ್ತು ನಿಂದು. ಅವ್ಳು ಏಳ್ಕೊಟ್ಟಿದ್ದು ಅತ್ತು."

"ಸುಮ್ನೆ ಊಟ ಮಾಡ್ಲಾ" ಅಂದರು ಟೀಚರು.

ಮಾತು ಅಲ್ಲಿಗೆ ನಿಂತಿತು. ಆದರೆ ಆ ಭಾನುವಾರ ಟೀಚರು ಕೋಣೆಯ ಬಾಗಿಲು ಹಾಕಿಕೊಂಡು, ಸೆಲ್ವಿ ಬರೆಸಿದ್ದ ಉತ್ತರಗಳ ನೋಟ್‌ಬುಕ್ಕನ್ನೂ ಗೈಡಿನ ಕೊನೆಯ ಪುಟಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತರು. ಒಟ್ಟು ಇನ್ನೂರ ಹದಿನೆಂಟು ಪ್ರಶ್ನೆ. ತಾಳೆಯಾದುದಕ್ಕೆಲ್ಲ ಪೆನ್ಸಿಲಿನಲ್ಲಿ ಸಣ್ಣ ಚುಕ್ಕೆ ಇಡುತ್ತಾ ಹೋದರು. ಮಧ್ಯಾಹ್ನ ಎರಡು ಗಂಟೆಗೆ ಮುಗಿಯಿತು. ಇನ್ನೂರ ಹದಿನೇಳು ಸರಿ ಇದ್ದವು. ಒಂದು ತಪ್ಪಿತ್ತು.

ಟೀಚರು ರಬ್ಬರ್ ತೆಗೆದುಕೊಂಡು ಎಲ್ಲ ಚುಕ್ಕೆಗಳನ್ನೂ ಅಳಿಸಿದರು. ಅಳಿಸುವಾಗ ಮುಖ ಬಿಸಿಯಾಯಿತು. ಮಕ್ಕಳು ಪಕ್ಕದವರದ್ದು ನೋಡಿ ಬರೆದು ಸಿಕ್ಕಿಬಿದ್ದಾಗ ಅವರ ಕಿವಿ ಕೆಂಪಾಗುವುದನ್ನು ಇಷ್ಟು ವರ್ಷ ನೋಡಿದ್ದರು. ತಮ್ಮ ಕಿವಿ ಹೇಗಿದೆಯೋ ನೋಡಿಕೊಳ್ಳಲು ಕನ್ನಡಿಯ ಹತ್ತಿರ ಹೋಗಲಿಲ್ಲ.

ಸೋಮವಾರ ಸಂಜೆ ಸೆಲ್ವಿ ಬಂದಳು. ಟೀಚರು ಬೆಂಚಿನ ಮೇಲೆ ಕೂತು, ಪುಸ್ತಕ ತೆರೆಯದೆ, ನೇರವಾಗಿ ಹೇಳಿದರು.

"ನೆನ್ನೆ ನಿನ್ನ ಉತ್ತರಾನೆಲ್ಲ ಗೈಡಿಗೆ ಇಟ್ಟು ನೋಡ್ದೆ ಕಣವ್ವ. ನೀನು ತಪ್ಪು ಏಳ್ಕೊಡ್ತಿದ್ದೀಯೇನೋ ಅಂತ."

ಸೆಲ್ವಿ ನೋಟ್‌ಬುಕ್ಕು ತಿರುಗಿಸಿ ಬೆಳಕಿಗೆ ಹಿಡಿದಳು. "ಗೊತ್ತಾಯ್ತದೆ ಟೀಚರ್. ಅಳಿಸಿದ್ರೂ ಪೆನ್ಸಿಲ್ ತಗ್ಗು ಅದೆ." ಆಮೇಲೆ ಕೇಳಿದಳು, "ಒಂದು ತಪ್ಪು ಸಿಕ್ತಾ?"

"ಸಿಕ್ತು."

"ನೂರಾ ನಲವತ್ತನೇ ಪ್ರಶ್ನೆ. ಅದ್ರಲ್ಲಿ ಗೈಡೇ ತಪ್ಪು."

ಹೊರಗೆ ಮಲ್ಲಯ್ಯ ಹಸು ಹೊಡೆದುಕೊಂಡು ಹೋಗುತ್ತಾ, ಒಳಗೆ ಮಗಳು ಕುರ್ಚಿಯಲ್ಲಿರುವುದನ್ನು ಕಂಡು ದಿನದಂತೆ ಬೇರೆ ಕಡೆಗೆ ಮುಖ ತಿರುಗಿಸಿಕೊಂಡು ಹೋದ.

"ನಾನು ಫೇಲಾದ್ರೆ ಈ ಜಾಗ ನಿಂಗೆ ಸಿಗ್ಬೌದು. ಯೋಚ್ನೆ ಮಾಡಿದ್ಯಾ?"

"ಮಾಡಿವ್ನಿ" ಅಂದಳು ಸೆಲ್ವಿ. "ಅವತ್ತು ನೀವು ಒಲಕ್ಕೆ ಬಂದಿದ್ರಲ್ಲ, ಅವತ್ತೇ ಮಾಡ್ದೆ. ರಾತ್ರಿ ನಿದ್ದೆ ಬರ್ನಿಲ್ಲ."

"ಮತ್ತೆ ಯಾಕೆ ಏಳ್ಕೊಟ್ಟೆ?"

"ನೀವು ಎದ್ದೋದ್ರೆ ಜಾಗ ಖಾಲಿಯಾಗಿ ನನಗೇ ಕಾಯ್ತಾ ಇರ್ತದೆ ಅಂತ ಏನು ಗ್ಯಾರಂಟಿ ಟೀಚರ್? ಖಾಲಿ ಬುಟ್ರೆ ಮುಚ್ಬುಡ್ತಾರೆ. ಮಕ್ಳು ಕಡ್ಮೆ ಅವ್ರೆ, ಕನ್ನಡಕ್ಕೆ ಜನ ಸಿಕ್ಕಲ್ಲ, ಅಂತ ಬರ್ದು ಕಳಿಸ್ತಾರೆ. ಅದ್ಕೆ ಮೊದ್ಲು ನೀವು ಕೂತಿರ್ಬೇಕು." ಅವಳು ಸೀಮೆಸುಣ್ಣ ಮುರಿದು ಎರಡು ಮಾಡಿದಳು. "ಇನ್ನೊಂದು, ನಿಮಗೆ ಪಾಠ ಮಾಡುವಾಗ ನಂಗೆ ಕಳೆ ಕೀಳೋದು ಮರ್ತೋಯ್ತದೆ. ದಿವ್ಸಕ್ಕೆ ಒಂದೂವರೆ ಗಂಟೆ ನಾನೂ ಟೀಚರ್ರೇ."

ಶಾಂತಮಲ್ಲಮ್ಮ ಟೀಚರಿಗೆ ಏನೋ ಹೇಳಬೇಕು ಅನ್ನಿಸಿತು. ಬಾಯಿಗೆ ಬಂದದ್ದು ಮಾತ್ರ, "ಸರಿ, ನೂರಾ ನಲವತ್ತರಿಂದ ಶುರು ಮಾಡು."

ಎರಡನೇ ಸಲಕ್ಕೆ ಸೆಲ್ವಿ ಹೊಸ ನಿಯಮ ಮಾಡಿದಳು. ಪ್ರಶ್ನೆ ಓದಿದ ಮೇಲೆ ಟೀಚರು ಯಾವ ಮಗುವಿನ ಹೆಸರನ್ನೂ ಹೇಳಕೂಡದು. ಹೇಳಿದರೆ ಆ ಪ್ರಶ್ನೆಗೆ ಸೊನ್ನೆ. ಮೊದಲ ದಿನ ಇಪ್ಪತ್ತರಲ್ಲಿ ಹದಿನಾರು ಸೊನ್ನೆ ಬಿತ್ತು. ತಿಂಗಳು ಕಳೆಯುವ ಹೊತ್ತಿಗೆ ಮೂರಕ್ಕೆ ಇಳಿಯಿತು. ಈರೋಡಿನ ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ನಿಂತು ಸೆಲ್ವಿ ಕೊನೆಯದಾಗಿ ಹೇಳಿದಳು, "ಮಕ್ಳನ್ನೆಲ್ಲ ಊರಲ್ಲೇ ಬುಟ್ಟು ಒಳಗೋಗಿ ಟೀಚರ್."

ಟೀಚರು ಹಾಗೇ ಮಾಡಿದರು. ಹೆಸರಿಲ್ಲದ ಮಗು ತರಗತಿಗೆ ತಡವಾಗಿ ಬಂದಿತು, ಇನ್ನೊಂದು ಹೆಸರಿಲ್ಲದ ಮಗು ಹೊಡೆದಾಡಿತು, ಟೀಚರು ಚಟುವಟಿಕೆಗಳಿಂದ ಅವನ್ನೆಲ್ಲ ಆಕರ್ಷಿಸುತ್ತಾ ಹೋದರು. ಒಂದೇ ಒಂದು ಪ್ರಶ್ನೆಯ ಹತ್ತಿರ ಪೆನ್ನು ನಿಂತಿತು. ಶಾಲೆಯ ಭಾಷೆ ಬಾರದ ಮಗು ಮನೆಮಾತಿನಲ್ಲಿ ಉತ್ತರ ಹೇಳಿದರೆ ಶಿಕ್ಷಕರು ಏನು ಮಾಡಬೇಕು? ಎ, ಮನೆಮಾತನ್ನು ಗೌರವಿಸಿ ಅದರ ಮೂಲಕವೇ ಕಲಿಸಬೇಕು. ಟೀಚರಿಗೆ ಅನುಮಾನ ಬಂತು. ತಾವು ಇಪ್ಪತ್ತನಾಲ್ಕು ವರ್ಷ ಮಾಡಿದ್ದೇ ಅಲ್ಲಿ ಅಚ್ಚಾಗಿತ್ತು. ಹಾಗಿದ್ದರೆ ಅದು ತಪ್ಪೇ ಇರಬೇಕು ಅಂದುಕೊಂಡು ಬಿ ಕಡೆಗೆ ಹೋಗಿ, ಮತ್ತೆ ವಾಪಸು ಬಂದು, ಎ ಗೆ ಗುರುತು ಹಾಕಿದರು.

ಹೊರಗೆ ಬಂದಾಗ ಸೆಲ್ವಿ ಓಡಿ ಬಂದು, "ಎಂಗಾಯ್ತು?" ಅಂದಳು.

"ಪಾಸಾಯ್ತೀನಿ ಅನ್ಸದೆ" ಅಂದರು ಟೀಚರು. "ಒಂದು ಮಗೂನೂ ನೆನಪಿಗೆ ಬರ್ಲಿಲ್ಲ." ಹಾಗಂದು ಬಸ್‌ಸ್ಟ್ಯಾಂಡಿನ ಕಡೆಗೆ ನಡೆದರು. ಮೂರು ಗಂಟೆ ಹೊತ್ತು ತಾವು ಬೇರೆ ಯಾರೋ ಆಗಿದ್ದ ಹಾಗೆ ಅನ್ನಿಸುತ್ತಿತ್ತು. ಆ ಯಾರೋ ಒಬ್ಬಳ ಕ್ಲಾಸಿಗೆ ಮಗುವನ್ನು ಕಳಿಸಬಹುದೇ ಅಂತ ಯೋಚಿಸುತ್ತಿದ್ದರು. ಸತ್ಯಮಂಗಲದಲ್ಲಿ ಬಸ್ಸು ಬದಲಿಸುವಾಗ ಸೆಲ್ವಿ ಸುಟ್ಟ ಜೋಳ ತಂದುಕೊಟ್ಟಳು, ತಿಂದರು.

ಪಾಸಿಗೆ ಬೇಕಾದುದಕ್ಕಿಂತ ಆರು ಮಾರ್ಕು ಹೆಚ್ಚಿಗೆ ಬಂದು ಪಾಸಾದರು. ಜಡೇಸ್ವಾಮಿ ಚಾಮರಾಜನಗರದಿಂದ ಮೈಸೂರುಪಾಕು ತರಿಸಿ ಊರಿಗೆ ಹಂಚಿದ. ಮಲ್ಲಯ್ಯನ ಮನೆಗೆ ಡಬ್ಬಿಯನ್ನು ತಾನೇ ಹಿಡಿದುಕೊಂಡು ಹೋಗಿ, ಬಾಗಿಲಲ್ಲಿ ನಿಂತು, "ಉಡುಗಿಗೆ ಏಳು, ಚೆನ್ನಾಗಿ ಏಳ್ಕೊಟ್ಟವ್ಳೆ" ಅಂದು ತಕ್ಷಣ ಹಿಂತಿರುಗಿದ. ಎರಡು ವಾರದ ಮೇಲೆ ಆಫೀಸಿನಿಂದ ಟೀಚರಿಗೆ ಕಾಗದ ಬಂತು. ಐವತ್ತು ದಾಟಿದ ಮೇಲೆ ಪಾಸಾದವರಾದ್ದರಿಂದ, ಇನ್ನೂ ಪಾಸಾಗದ ಶಿಕ್ಷಕರಿಗೆ ತಾಳವಾಡಿಯಲ್ಲಿ ತಿಂಗಳಿಗೆ ನಾಲ್ಕು ದಿನ ತರಬೇತಿ ಕೊಡಬೇಕು. ಆ ನಾಲ್ಕು ದಿನ ಬೇವಿನಪುರದ ಕನ್ನಡ ಕ್ಲಾಸು ಯಾರು ನೋಡಿಕೊಳ್ಳಬೇಕು ಎಂಬುದು ಕಾಗದದಲ್ಲಿ ಇರಲಿಲ್ಲ. ಮುರುಗನ್ ಸಾರ್ ನೋಡಿಕೊಂಡರು. ಕಳೆಯುವ ಲೆಕ್ಕವನ್ನು ಅವರು ಕನ್ನಡದಲ್ಲೇ ಹೇಳಿಕೊಟ್ಟರೆಂದೂ, ದಶಕ ಅನ್ನುವ ಕಡೆ ಮಾತ್ರ ಮಕ್ಕಳೇ ಅವರನ್ನು ತಿದ್ದಿದರೆಂದೂ ಆಮೇಲೆ ಗೊತ್ತಾಯಿತು.

ಕನ್ನಡ ಜಾಗಗಳಿಗೆ ನೇಮಕಾತಿ ಕರೆದದ್ದು ಅದರ ಮುಂದಿನ ವರ್ಷ. ಇದ್ದದ್ದು ಮೂರು ಜಾಗ. ಅದಕ್ಕೂ ಒಂದು ಪರೀಕ್ಷೆ. ಈ ಸಲ ಸಂಜೆ ನಾಲ್ಕೂಕಾಲಕ್ಕೆ ಟೀಚರು ಬೋರ್ಡಿನ ಹತ್ತಿರ ನಿಂತರು, ಸೆಲ್ವಿ ಬೆಂಚಿನಲ್ಲಿ ಕೂತಳು. ಲೆಕ್ಕ ಅವಳಿಗೆ ಸ್ವಲ್ಪ ಕಷ್ಟ. ಐದು ತಿಂಗಳು ಹಿಡಿಯಿತು. ಮೂವರ ಪಟ್ಟಿಯಲ್ಲಿ ಎರಡನೆಯದು ಅವಳ ಹೆಸರು, ಕೆಲಸಕ್ಕೆ ಹಾಕಿದ ಊರು ಗೆಟ್ಟವಾಡಿ.

ಕೆಲಸಕ್ಕೆ ಸೇರುವ ದಿನ ಮೂವರು ಗೆಟ್ಟವಾಡಿಗೆ ಹೋದರು: ಸೆಲ್ವಿ, ಮಲ್ಲಯ್ಯ, ಟೀಚರು. ಮಲ್ಲಯ್ಯ ಶಾಲೆಯ ಗೇಟಿನ ಹೊರಗೇ ನಿಂತ. ಒಳಗೆ ಬಾ ಅಂದರೆ, "ನಾನ್ಯಾಕೆ, ನೀವು ಓಗಿ" ಅಂದ. ಟೀಚರು ಅವನ ಟವಲಿನ ತುದಿ ಹಿಡಿದುಕೊಂಡು, ಮೊದಲ ದಿನ ಅಳುವ ಮಗುವನ್ನು ಕರೆದೊಯ್ಯುವಂತೆ, ಆಫೀಸು ಕೋಣೆಗೆ ಕರೆದುಕೊಂಡು ಹೋದರು.

ಹೆಡ್‌ಮಾಸ್ಟರ್ ಸೋಮಶೇಖರ್ ಹಾಜರಿ ಪುಸ್ತಕ ತೆರೆದು, ಎಲ್ಲಿ ಸಹಿ ಮಾಡಬೇಕೆಂದು ಬೆರಳಿಟ್ಟು ತೋರಿಸಿದರು. ಸೆಲ್ವಿ ಪೂರ್ತಿ ಹೆಸರು ಬರೆದಳು, ಇನಿಷಿಯಲ್ ಹಾಕದೆ, ಅಪ್ಪನ ಹೆಸರನ್ನು ಮ-ಲ್ಲ-ಯ್ಯ ಅಂತ ಎಲ್ಲ ಅಕ್ಷರವನ್ನೂ ಬಿಡಿಸಿ. ಜಾಗ ಸಾಲದೆ ಕೊನೆಯ ಅಕ್ಷರ ಪಕ್ಕದ ಚೌಕಕ್ಕೆ ಹೋಯಿತು.

"ಯಾವ ಕ್ಲಾಸು ಸಾರ್?" ಅಂತ ಸೆಲ್ವಿ ಕೇಳಿದಳು.

"ಒಂದು, ಎರಡು, ಮೂರು."

"ಮೂರೂನಾ?"

"ಈಗ ಒಬ್ಬರು ಬಂದಿರಲ್ಲ" ಅಂದರು ಸೋಮಶೇಖರ್, ನೆಮ್ಮದಿಯಿಂದ.

ಗಂಟೆ ಹೊಡೆಯಿತು. ಸೆಲ್ವಿ ಸೆರಗು ಸರಿಮಾಡಿಕೊಂಡು ಹಿಂತಿರುಗಿ ನೋಡಿದಳು. ಟೀಚರು ಹೋಗು ಅನ್ನುವ ಹಾಗೆ ತಲೆ ಆಡಿಸಿದರು. ಹನ್ನೊಂದೂವರೆಯ ಬಸ್ಸು ತಪ್ಪಿದರೆ ಮಧ್ಯಾಹ್ನದ ಮೇಲೇ ಇನ್ನೊಂದು, ಮುರುಗನ್ ಸಾರ್ ಒಬ್ಬರೇ ಐದು ಕ್ಲಾಸು ಇಟ್ಟುಕೊಂಡು ಕೂತಿದ್ದರು. ಟೀಚರೂ ಮಲ್ಲಯ್ಯನೂ ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಪಕ್ಕಪಕ್ಕ ಕೂತರು. ಶಾಲೆಯ ಕಡೆಯಿಂದ ಮಕ್ಕಳು ಒಟ್ಟಾಗಿ ಮಗ್ಗಿ ಹೇಳುವುದು ಕೇಳಿಸುತ್ತಿತ್ತು.

"ನಮ್ ಉಡುಗಿ ಗಂಟಲು ಕೇಳ್ತಾ ಇಲ್ವಲ್ಲ" ಅಂದ ಮಲ್ಲಯ್ಯ.

"ಮೊದ್ಲ ದಿನ ಕೇಳಕ್ಕಿಲ್ಲ" ಅಂದರು ಟೀಚರು. "ಒಂದ್ ವಾರ ಕಳೀಲಿ, ರೋಡಿಗೆಲ್ಲ ಕೇಳ್ತದೆ."

ಬಸ್ಸು ಹತ್ತು ನಿಮಿಷ ತಡವಾಗಿ ಬಂತು. ಮಲ್ಲಯ್ಯ ಕಿಟಕಿಯ ಪಕ್ಕ ಕೂತ.